ಬಿಲ್ ಇಲ್ಲದ ‘ಬಿಜಿ-4’ ಹತ್ತಿ ಬೀಜ ತಗೊಂಡು ಊರಿಗೆ ಕಳಿಸಬೇಡಿ

ಪುಣೆಯಲ್ಲಿದ್ದು ಊರಲ್ಲಿ ಹತ್ತಿ ಹೊಲ ಇರುವವರು ದಯವಿಟ್ಟು ಪೂರ್ತಿ ಓದಿ. ಕಳೆದ ಮುಂಗಾರಿನಲ್ಲಿ ನಾನು ಮಾಡಿದ ತಪ್ಪಿಗೆ ಹಾವೇರಿ ಕಡೆ ನಮ್ಮಣ್ಣನ ಎರಡು ಎಕರೆ ಹಾಳಾಯಿತು.

ಮೇ ತಿಂಗಳಲ್ಲಿ ಮಾರ್ಕೆಟ್ ಯಾರ್ಡ್ ಹತ್ತಿರ ಒಬ್ಬರ ಪರಿಚಯ ಆಯಿತು. ಮಾತು ನೋಡಿದರೆ ನಮ್ಮ ಕಡೆಯವರೇ. “ಜೀನ್ ಸಂಶೋಧನೆ ಮಾಡಿದ ಹೊಸ ಬೀಜ ರೀ, ಬಿಜಿ-4. ಕಸದೆಣ್ಣಿ ಹೊಡೆದ್ರೂ ಗಿಡಕ್ಕೇನೂ ಆಗಂಗಿಲ್ಲ, ಗುಲಾಬಿ ಹುಳಾನೂ ಹತ್ತಂಗಿಲ್ಲ” ಅಂದರು. ಕಸದೆಣ್ಣಿ ಅಂದರೆ ಕಳೆನಾಶಕ, ಗುಲಾಬಿ ಹುಳ ಅಂದರೆ ಹತ್ತಿ ಕಾಯಿ ಕೊರೆಯುವ ಹುಳ. ಕಸ ತೆಗೆಯಲು ಆಳು ಸಿಗದೆ ಅಣ್ಣ ಪ್ರತಿ ವರ್ಷ ಒದ್ದಾಡುವುದನ್ನು ನೋಡಿದ್ದೆ, ಅದಕ್ಕೇ ಆಸೆ ಆಯಿತು. ಪಾಕೀಟಿಗೆ 1,400 ರೂಪಾಯಿಯಂತೆ ನಾಲ್ಕು ತಗೊಂಡು ಕಾತ್ರಜ್‌ನಲ್ಲಿ ಬಸ್ ಡ್ರೈವರ್ ಕೈಗೆ ಕೊಟ್ಟು ಕಳಿಸಿದೆ. ಬಿಲ್ ಕೇಳಿದ್ದಕ್ಕೆ “ನಮ್ಮ ನಮ್ಮವ್ರಾಗ ಎಂಥಾ ಬಿಲ್ ರೀ” ಅಂದಿದ್ದರು. ಆಗಲೇ ಎದ್ದು ಬರಬೇಕಿತ್ತು.

ಮೊಳಕೆ ಚೆನ್ನಾಗಿಯೇ ಬಂತು. ಒಂದು ತಿಂಗಳಾದ ಮೇಲೆ ಅಣ್ಣ ಧೈರ್ಯ ಮಾಡಿ ಕಸದೆಣ್ಣಿ ಹೊಡೆದ. ವಾರದೊಳಗೆ ವಿಡಿಯೋ ಕಾಲ್ ಬಂತು. ಒಂದೇ ಸಾಲಿನಲ್ಲಿ ಒಂದು ಗಿಡ ಹಸಿರು, ಅದರ ಪಕ್ಕದ್ದು ಸುಳಿ ಹಳದಿಯಾಗಿ ಬಾಡಿದೆ, ಮುಂದಿನದು ಪೂರ್ತಿ ಒಣಗಿದೆ. “ಏನ್ ಬೀಜ ಕಳಿಸಿದ್ಯೋ ತಮ್ಮಾ” ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೊಲ ನೋಡಿದ ಕೃಷಿ ಅಧಿಕಾರಿ, ಇದು ಹೈಬ್ರಿಡ್ ಹತ್ತಿಯಿಂದ ತೆಗೆದ ಎರಡನೇ ತಲೆಮಾರಿನ ಬೀಜ ಇರಬೇಕು, ಬೆರಕೆಯೂ ಇರಬಹುದು ಅಂದರು. ಹೈಬ್ರಿಡ್‌ಗೆ ಕಸದೆಣ್ಣಿ ತಡೆದುಕೊಳ್ಳುವ ಜೀನ್ ತಂದೆ-ತಾಯಿ ಗಿಡಗಳಲ್ಲಿ ಒಂದರಿಂದ ಮಾತ್ರ ಬಂದಿದ್ದರೆ, ಅದರ ಬೀಜ ಮತ್ತೆ ಬಿತ್ತಿದಾಗ ಸುಮಾರು ನಾಲ್ಕರಲ್ಲಿ ಒಂದಕ್ಕೆ ಜೀನ್ ಇರುವುದೇ ಇಲ್ಲವಂತೆ. ಕಣ್ಣಿಗೆ ಎಲ್ಲಾ ಬೀಜವೂ ಒಂದೇ ಥರ ಕಾಣುತ್ತದೆ, ಅಲ್ವಾ?

ಉಳಿದ ಗಿಡಕ್ಕೆ ಗುಲಾಬಿ ಹುಳ ಬಿತ್ತು. ಹೂವು ಅರಳದೆ ಮುದುಡಿಕೊಂಡು ನಿಂತಿದ್ದವು. ದೀಪಾವಳಿಗೆ ಹೋದಾಗ ಒಂದು ಕಾಯಿ ಒಡೆದು ನೋಡಿದೆ. ಹೊರಗೆ ಒಂದು ಕಲೆಯೂ ಇಲ್ಲ, ಒಳಗೆ ಅರಳೆ ಕಂದಾಗಿ, ಬೀಜದೊಳಗೆ ಹುಳ ಕೂತಿತ್ತು.

ಆಮೇಲೆ ವಿಚಾರಿಸಿ ತಿಳಿದಿದ್ದು ಹೇಳುತ್ತೇನೆ. ಬಿಟಿ ಹತ್ತಿ ಸುಳ್ಳಲ್ಲ. ಹುಳ ತಡೆಯಲು ಮಣ್ಣಿನ ಬ್ಯಾಕ್ಟೀರಿಯಾದ ಒಂದು ಜೀನ್ ಸೇರಿಸಿದ ಈ ಹತ್ತಿಗೆ (ಬಿಜಿ-1) ನಮ್ಮಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು, ಎರಡು ಜೀನ್ ಇರುವ ಬಿಜಿ-2ಗೆ 2006ರಲ್ಲಿ. ಈಗ ಗುಲಾಬಿ ಹುಳ ಅದಕ್ಕೂ ಬಗ್ಗುತ್ತಿಲ್ಲ. ಕಸದೆಣ್ಣಿ ತಡೆದುಕೊಳ್ಳುವ ಹತ್ತಿಯನ್ನು ಬೆಳೆಯಲು ಅನುಮತಿಯೇ ಇಲ್ಲ. ಅನುಮತಿಗೆ ಹಾಕಿದ್ದ ಅರ್ಜಿಯನ್ನೂ ಕಂಪನಿ 2016ರಲ್ಲಿ ವಾಪಸ್ ತಗೊಂಡಿತು. ಹಾಗಾದರೆ ಬಿಜಿ-4 ಎಲ್ಲಿಂದ ಬರಬೇಕು? 2025ರಲ್ಲಿ ಬಿಜಿ-2ರ 475 ಗ್ರಾಂ ಪಾಕೀಟಿಗೆ ಸರ್ಕಾರ ಇಟ್ಟ ಗರಿಷ್ಠ ಬೆಲೆಯೇ 901 ರೂಪಾಯಿ. ನಾನು ಅದಕ್ಕಿಂತ 500 ಜಾಸ್ತಿ ಕೊಟ್ಟು ಕಳ್ಳ ಬೀಜ ತಗೊಂಡಿದ್ದೆ.

ದೂರು ಕೊಡಲು ಹೋದರೆ ಬಿಲ್ ಎಲ್ಲಿ, ಲಾಟ್ ನಂಬರ್ ಎಲ್ಲಿ ಅಂತ ಕೇಳಿದರು. ಪಾಕೀಟಿನ ಮೇಲೆ ಹತ್ತಿಯ ಚಿತ್ರ ಬಿಟ್ಟರೆ ಕಂಪನಿ ವಿಳಾಸ ಕೂಡ ಇರಲಿಲ್ಲ. ಮಾರಿದವರ ಫೋನ್ ಸ್ವಿಚ್ ಆಫ್.

ಅವರು ಈ ಮೇ ತಿಂಗಳಲ್ಲೂ ಬರಬಹುದು. ಸುಮ್ನೆ ಕನ್ನಡ ಮಾತಾಡಿದರು ಅಂತ ನಂಬಬೇಡಿ. ಬೀಜ ಊರಿನವರೇ ಅಲ್ಲಿನ ಲೈಸೆನ್ಸ್ ಇರುವ ಅಂಗಡಿಯಲ್ಲಿ ತಗೊಳ್ಳಲಿ, ಬಿತ್ತಿದ ಮೇಲೂ ಬಿಲ್, ಖಾಲಿ ಪಾಕೀಟು, ಒಂದು ಹಿಡಿ ಬೀಜ ಬೆಳೆ ಮನೆಗೆ ಬರುವವರೆಗೆ ತೆಗೆದಿಟ್ಟುಕೊಳ್ಳಲಿ.