ಮೋಟಾರು ಕಾಯುವುದು ಯಾರು? ಬೈಮೆಟಲ್ ರಿಲೇ, ಎಂಪಿಸಿಬಿ, ಎಲೆಕ್ಟ್ರಾನಿಕ್ ರಿಲೇ, ಥರ್ಮಿಸ್ಟರ್

ಮೋಟಾರು ಬಿಸಿಯಾಗಿ ಸುಡುವ ಮೊದಲೇ ಕರೆಂಟು ಕಡಿದು, ಅಂದರೆ ಟ್ರಿಪ್ ಮಾಡಿಸಿ, ಅದನ್ನು ಕಾಯುವ ನಾಲ್ಕು ಸಾಧನಗಳಿವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಥರ್ಮಿಸ್ಟರ್ ಕಡೆಗೆ. ಉಳಿದ ಮೂರನ್ನೂ ಬಳಸಿದ್ದೇನೆ, ಈಗಲೂ ಬಳಸುತ್ತೇನೆ. ಆದರೆ ಹೊಸ ಮೋಟಾರು ತರಿಸುವಾಗ ವೈಂಡಿಂಗಿನೊಳಗೆ (ತಂತಿಯ ಸುರುಳಿಯೊಳಗೆ) ಪಿಟಿಸಿ ಥರ್ಮಿಸ್ಟರ್, ಅಂದರೆ ಬಿಸಿಯಾದರೆ ರೆಸಿಸ್ಟೆನ್ಸ್ ಏರುವ ಸೆನ್ಸರ್, ಇದೆಯೇ ಎಂದು ಕೇಳದೆ ಆರ್ಡರ್ ಕೊಡುವುದಿಲ್ಲ.

ಈ ಒಲವು ಹುಟ್ಟಿದ್ದು 15 ಕಿಲೋವ್ಯಾಟಿನ ಒಂದು ಮಿಕ್ಸರ್ ಮೋಟಾರು ಸುಟ್ಟಾಗ. ಅದು ವಿಎಫ್‌ಡಿ ಮೇಲೆ, ಅಂದರೆ ಮೋಟಾರಿನ ವೇಗ ಬದಲಿಸುವ ಡ್ರೈವ್ ಮೇಲೆ, ಓಡುತ್ತಿತ್ತು. ಓವರ್‌ಲೋಡ್ ಸೆಟ್ಟಿಂಗ್ (ಎಷ್ಟು ಕರೆಂಟು ಮೀರಿದರೆ ಟ್ರಿಪ್ ಆಗಬೇಕು ಎಂಬುದು) ನೇಮ್‌ಪ್ಲೇಟಿನಲ್ಲಿದ್ದ ಕರೆಂಟಿಗೆ ಸರಿಯಾಗಿಯೇ ಇತ್ತು. ಕ್ಲ್ಯಾಂಪ್ ಮೀಟರ್ ಹಾಕಿದರೆ ಮೂರೂ ಫೇಸಿನಲ್ಲಿ ಕರೆಂಟು ಸಮ, ಅದೂ ನೇಮ್‌ಪ್ಲೇಟಿಗಿಂತ ಕಡಿಮೆ. ಆದರೂ ವೈಂಡಿಂಗ್ ಕಪ್ಪಗಾಯಿತು. ಬಿಚ್ಚಿ ನೋಡಿದರೆ ಫ್ಯಾನ್ ಕವರಿನ ಜಾಲರಿಯಲ್ಲಿ ಪುಡಿ ಗಟ್ಟಿಯಾಗಿ ಕೂತಿತ್ತು. ಸಾಲದ್ದಕ್ಕೆ ಕೆಲಸವೂ ನಿಧಾನ ವೇಗದ್ದು. ತಂಪು ಮಾಡುವ ಫ್ಯಾನು ಮೋಟಾರಿನ ಶಾಫ್ಟಿಗೇ ಕೂತಿರುತ್ತದಲ್ಲ, ವೇಗ ಇಳಿದರೆ ಗಾಳಿಯೂ ಇಳಿಯುತ್ತದೆ. ಮಿಕ್ಸರಿನಂಥ ಕೆಲಸದಲ್ಲಿ ವೇಗ ಇಳಿದರೂ ಟಾರ್ಕ್ ಇಳಿಯುವುದಿಲ್ಲ, ಹಾಗಾಗಿ ಕರೆಂಟೂ ಹೆಚ್ಚೇನೂ ಇಳಿಯುವುದಿಲ್ಲ. ಶಾಖ ಹುಟ್ಟುವುದು ಹಾಗೇ ಇದ್ದು, ಹೊರಹೋಗುವುದು ಮಾತ್ರ ನಿಂತುಹೋಗಿತ್ತು.

ಇಲ್ಲಿಯೇ ವಿಷಯದ ತಿರುಳಿದೆ. ಬೈಮೆಟಲ್ ಇರಲಿ, ಎಂಪಿಸಿಬಿ ಇರಲಿ, ಎಲೆಕ್ಟ್ರಾನಿಕ್ ಇರಲಿ, ಮೂರೂ ನೋಡುವುದು ಕರೆಂಟನ್ನು. ಕರೆಂಟಿನಿಂದ ಶಾಖವನ್ನು ಊಹಿಸುತ್ತವೆ. ಹಣೆ ಮುಟ್ಟಿ ನೋಡದೆ, ಏನು ತಿಂದ ಎಂದು ವಿಚಾರಿಸಿ ಜ್ವರ ಹೇಳಿದ ಹಾಗೆ. ಬಹುಪಾಲು ಸಲ ಊಹೆ ಸರಿಯಾಗಿಯೇ ಇರುತ್ತದೆ. ನಿಧಾನ ವೇಗವನ್ನೂ ಲೆಕ್ಕಕ್ಕೆ ಹಿಡಿಯುವ ಡ್ರೈವ್‌ಗಳಿವೆ, ನಿಜ. ಆದರೆ ಜಾಲರಿ ಕಟ್ಟಿದ್ದು ಯಾವ ಡ್ರೈವಿಗೆ ಕಾಣುತ್ತದೆ?

ಕರೆಂಟಿನ ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿಯಿಂದ ಕೆಲಸ ಮಾಡುವ ಬೈಮೆಟಲ್ ರಿಲೇಯನ್ನು ನಾನು ತೆಗಳುವುದಿಲ್ಲ. ಅಗ್ಗ, ಗಟ್ಟಿ, ಬೇರೆ ಸಪ್ಲೈ ಬೇಡ, ಸ್ಕ್ರೂಡ್ರೈವರ್ ಹಿಡಿಯಲು ಬಂದವರಿಗೆಲ್ಲ ಅರ್ಥವಾಗುತ್ತದೆ. ಸೆಟ್ಟಿಂಗಿನ 1.05 ಪಟ್ಟು ಕರೆಂಟಿಗೆ ಎರಡು ಗಂಟೆಯಾದರೂ ಟ್ರಿಪ್ ಆಗಬಾರದು, 1.2 ಪಟ್ಟಿಗೆ ಬಿಸಿಯಾಗಿದ್ದಾಗಿನಿಂದ ಎರಡು ಗಂಟೆಯೊಳಗೆ ಆಗಲೇಬೇಕು ಎಂಬುದು ಅದರ ನಿಯಮ. ರೋಟರ್ (ತಿರುಗುವ ಭಾಗ) ಜಾಮ್ ಆಗಿ 7.2 ಪಟ್ಟು ಹರಿದರೆ ಕ್ಲಾಸ್ 10 (ಟ್ರಿಪ್ ಆಗುವ ಸಮಯದ ದರ್ಜೆ) ರಿಲೇ 4ರಿಂದ 10 ಸೆಕೆಂಡಿನೊಳಗೆ ಬಿಡಿಸುತ್ತದೆ. ಭಾರದ ಬ್ಲೋವರಿನಂತೆ ವೇಗ ಹಿಡಿಯಲು ಹೊತ್ತು ಬೇಕಾದ ಯಂತ್ರಕ್ಕೆ ಕ್ಲಾಸ್ 20 ಅಥವಾ 30 ಬೇಕು. ವೈಂಡಿಂಗನ್ನು ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಎಂಬ ಎರಡು ಬಗೆಯಲ್ಲಿ ಜೋಡಿಸಿ ಮೋಟಾರು ಹೊರಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ವೈಂಡಿಂಗಿನ ಸಾಲಿನಲ್ಲಿ ಕೂತಿದ್ದರೆ ನೇಮ್‌ಪ್ಲೇಟ್ ಕರೆಂಟಿನ 0.58 ಪಟ್ಟಿಗೆ ಸೆಟ್ ಮಾಡಬೇಕು. ಪೂರ್ತಿ ಕರೆಂಟಿಗೆ ಸೆಟ್ ಮಾಡಿದರೆ ರಿಲೇ ಇದ್ದೂ ಇಲ್ಲದಂತೆ. ಇನ್ನೊಂದು ಮಾತು: ಆಟೋ ರಿಸೆಟ್ ಬೇಡ. ತಣ್ಣಗಾದ ರಿಲೇ ತಾನಾಗಿಯೇ ಮತ್ತೆ ಜೋಡಿಸಿಕೊಂಡು ಯಂತ್ರ ಓಡಲು ಶುರುವಾದರೆ, ಬೆಲ್ಟಿನ ಹತ್ತಿರ ಕೈ ಇಟ್ಟವರ ಗತಿ?

ಎಂಪಿಸಿಬಿ (ಮೋಟಾರಿಗೆಂದೇ ಮಾಡಿದ ಸರ್ಕ್ಯೂಟ್ ಬ್ರೇಕರ್) ಜಾಗ ಉಳಿಸುತ್ತದೆ. ಬೈಮೆಟಲ್ ರಿಲೇಗೆ ಶಾರ್ಟ್ ಸರ್ಕ್ಯೂಟ್ ಮುರಿಯುವ ಶಕ್ತಿ ಇಲ್ಲ, ಅದರ ಬೆನ್ನಿಗೆ ಫ್ಯೂಸೋ ಬ್ರೇಕರೋ ಬೇಕೇ ಬೇಕು. ಎಂಪಿಸಿಬಿಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿವೆ. ಆದರೆ ಅದರ ಮ್ಯಾಗ್ನೆಟಿಕ್ ಟ್ರಿಪ್ (ಶಾರ್ಟ್ ಸರ್ಕ್ಯೂಟಿಗೆ ತಕ್ಷಣ ಬಿಡಿಸುವ ಭಾಗ) ಸಾಮಾನ್ಯವಾಗಿ ರೇಟಿಂಗಿನ ಸುಮಾರು 13 ಪಟ್ಟಿಗೆ ಕಾರ್ಖಾನೆಯಲ್ಲೇ ಕಟ್ಟಿಹಾಕಿರುತ್ತಾರೆ. ಹೊಸ ಐಇ3 ದರ್ಜೆಯ (ಹೆಚ್ಚು ದಕ್ಷತೆಯ) ಮೋಟಾರುಗಳು ಸ್ವಿಚ್ ಹಾಕಿದ ಕ್ಷಣಕ್ಕೆ ಹಳೆಯವಕ್ಕಿಂತ ಜೋರಾಗಿ ಕರೆಂಟು ಎಳೆಯುತ್ತವೆ, ಕೆಲವು ಸಲ ಅಷ್ಟಕ್ಕೇ ಟ್ರಿಪ್ ಆಗುತ್ತದೆ. ಐಇ3ಗೆ ಹೊಂದುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ. ಚಿಕ್ಕ ಮೋಟಾರುಗಳಿಗೆ ನನ್ನ ಪ್ಯಾನೆಲ್ಲುಗಳಲ್ಲಿ ಇದೇ ಇರುವುದು.

ಎಲೆಕ್ಟ್ರಾನಿಕ್ ರಿಲೇಯ ದೊಡ್ಡ ಗುಣ ಫೇಸ್ ಹೋದಾಗ ತೋರುವ ಚುರುಕು. ಡೆಲ್ಟಾದಲ್ಲಿ ಕಟ್ಟಿದ ಮೋಟಾರಿಗೆ ಒಂದು ಫೇಸ್ ತಪ್ಪಿದರೆ ಒಂದು ವೈಂಡಿಂಗಿನ ಪಾಲಿಗೆ ಲೈನ್ ಕರೆಂಟಿನ ಮೂರನೇ ಎರಡು ಭಾಗ ಬರುತ್ತದೆ. ಮಾಮೂಲಿಯಾಗಿ ಬರಬೇಕಾದದ್ದು 0.58 ಭಾಗ ಮಾತ್ರ. ಅಂದರೆ ಲೈನಿನಲ್ಲಿ ಮೀಟರು ತೋರಿಸುವುದಕ್ಕಿಂತ ಒಳಗಿನ ಸಂಕಟ ಹೆಚ್ಚು. ಫೇಸ್ ಫೇಲ್ಯೂರ್ ಸೌಲಭ್ಯವಿರುವ ಬೈಮೆಟಲ್ ಕೂಡ ಇದನ್ನು ಹಿಡಿಯುತ್ತದೆ, ಆದರೆ ಪಟ್ಟಿ ಬಿಸಿಯಾಗಿ ಬಾಗುವವರೆಗೆ ಕಾಯಬೇಕು. ಎಲೆಕ್ಟ್ರಾನಿಕ್ ಕೆಲವೇ ಸೆಕೆಂಡಿನಲ್ಲಿ ಬಿಡಿಸುತ್ತದೆ. ಕರೆಂಟಿನ ಏರುಪೇರನ್ನೂ, ಮಾಡೆಲ್ ನೋಡಿ ಕೊಂಡರೆ ಅರ್ತ್ ಫಾಲ್ಟನ್ನೂ (ಕರೆಂಟು ಅರ್ತಿಗೆ ಸೋರುವುದನ್ನೂ) ಹಿಡಿಯುತ್ತದೆ. ವೋಲ್ಟೇಜಿನಲ್ಲಿ ಸ್ವಲ್ಪ ಅಸಮತೆ ಇದ್ದರೂ ಕರೆಂಟಿನಲ್ಲಿ ಅದು ಹಲವು ಪಟ್ಟಾಗಿ ಕಾಣಿಸುವುದರಿಂದ ಈ ಗುಣ ದೊಡ್ಡದೇ. ಬೆಲೆಯೂ ಹಾಗೆಯೇ.

ಇನ್ನು ಥರ್ಮಿಸ್ಟರ್. ಪ್ರತಿ ಫೇಸಿನ ವೈಂಡಿಂಗಿಗೆ ಒಂದರಂತೆ ಮೂರು, ಸರಣಿಯಲ್ಲಿ ಜೋಡಿಸಿ, ಎರಡು ತಂತಿ ಟರ್ಮಿನಲ್ ಬಾಕ್ಸಿಗೆ ತಂದಿರುತ್ತಾರೆ. ತಣ್ಣಗಿರುವಾಗ ಮೂರೂ ಸೇರಿ ಕೆಲವು ನೂರು ಓಮ್, 750 ದಾಟಬಾರದು. ನಿಗದಿತ ಉಷ್ಣತೆ ಬಂದೊಡನೆ ರೆಸಿಸ್ಟೆನ್ಸ್ ಕಡಿದಾಗಿ ಏರಿ ಸಾವಿರಾರು ಓಮ್ ಆಗುತ್ತದೆ, ಅದಕ್ಕೆ ಜೋಡಿಸಿದ ರಿಲೇ ಕಾಂಟ್ಯಾಕ್ಟರನ್ನು (ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚನ್ನು) ಬಿಡಿಸುತ್ತದೆ. ಕ್ಲಾಸ್ ಎಫ್ ಇನ್ಸುಲೇಶನ್ನಿನ (ವೈಂಡಿಂಗಿನ ನಿರೋಧಕ ಹೊದಿಕೆಯ) ಮಿತಿ 155 ಡಿಗ್ರಿ ಸೆಲ್ಸಿಯಸ್. ಆ ಮಿತಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ ಎಂಬ ಹಳೆಯ ಲೆಕ್ಕ ಗೊತ್ತಿದ್ದವರಿಗೆ, ಒಳಗಿನ ಬಿಸಿಯನ್ನೇ ನೋಡುವ ಸೆನ್ಸರಿನ ಬೆಲೆ ತಿಳಿಯುತ್ತದೆ. ತಂತಿ ತುಂಡಾದರೂ ರಿಲೇ ಟ್ರಿಪ್ಪೇ ಆಗುತ್ತದೆ, ಸುಮ್ಮನೆ ಕೂರುವುದಿಲ್ಲ.

ಆದರೆ ಇದು ಕೊಟ್ಟ ಕಾಟವನ್ನೂ ಹೇಳಲೇಬೇಕು. ರಿವೈಂಡಿಂಗ್ ಮಾಡಿಸುವಾಗಲೇ (ಹೊಸ ತಂತಿ ಸುತ್ತಿಸುವಾಗಲೇ) ಆ ಸುಟ್ಟ ಮಿಕ್ಸರ್ ಮೋಟಾರಿಗೆ ಥರ್ಮಿಸ್ಟರ್ ಹಾಕಿಸಿದೆವು, ರಿಲೇ ಪ್ಯಾನೆಲ್ಲಿಗೆ ಬಂತು. ಅಂದಿನಿಂದ ಕಾರಣವಿಲ್ಲದೆ ಟ್ರಿಪ್. ಬಾಡಿ ಮುಟ್ಟಿದರೆ ಉಗುರು ಬೆಚ್ಚಗೆ. ಮೋಟಾರು ನಿಲ್ಲಿಸಿ ಮಲ್ಟಿಮೀಟರ್ ಹಿಡಿದರೆ ರೆಸಿಸ್ಟೆನ್ಸ್ ಆರೋಗ್ಯವಾಗಿದೆ. ರಿಲೇ ಬದಲಿಸಿದರೂ ಅದೇ ಕಥೆ. ಉತ್ಪಾದನೆ ನಿಂತಾಗಲೆಲ್ಲ ಮೇಲಿನವರ ಕಣ್ಣು ಆ ಚಿಕ್ಕ ಡಬ್ಬಿಯ ಮೇಲೆ. ಬೈಪಾಸ್ ಮಾಡಿಬಿಡಿ ಎಂಬ ಸಲಹೆ ದಿನವೂ ಬರುತ್ತಿತ್ತು.

ಸುಳಿವು ಸಿಕ್ಕಿದ್ದು ಹೀಗೆ: ಡ್ರೈವ್ ಬಿಟ್ಟು ನೇರ ಲೈನಿನಲ್ಲಿ ಓಡಿಸಿದರೆ ಟ್ರಿಪ್ ಇಲ್ಲ, ಡ್ರೈವ್ ಮೇಲೆ ಓಡಿಸಿದರೆ ಮಾತ್ರ ಉಂಟು. ಪ್ಯಾನೆಲ್ ಕಟ್ಟಿದವರು ಥರ್ಮಿಸ್ಟರಿನ ತಂತಿಯನ್ನು ಡ್ರೈವಿನಿಂದ ಮೋಟಾರಿಗೆ ಹೋಗುವ ಪವರ್ ಕೇಬಲ್ಲಿನ ಜೊತೆಗೇ, ಒಂದೇ ಪೈಪಿನಲ್ಲಿ, ಉದ್ದಕ್ಕೂ ಎಳೆದಿದ್ದರು. ಡ್ರೈವಿನ ಔಟ್‌ಪುಟ್ಟಿನಲ್ಲಿ ವೋಲ್ಟೇಜು ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುತ್ತದೆ. ಪಕ್ಕದ ತಂತಿಯಲ್ಲಿ ಅದರ ಗದ್ದಲ ಹುಟ್ಟದೆ ಇರುತ್ತದೆಯೇ? ರಿಲೇ ಅದನ್ನೇ ಬಿಸಿ ಎಂದು ಓದುತ್ತಿತ್ತು.

ಶೀಲ್ಡ್ ಇರುವ, ಹೊಸೆದ ಜೋಡಿ ತಂತಿ ತರಿಸಿ, ಪವರ್ ಕೇಬಲ್ಲಿನಿಂದ ದೂರ ಬೇರೆ ದಾರಿಯಲ್ಲಿ ಎಳೆಸಿದೆ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿದೆ. ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿಸಿದೆ. ಆಮೇಲೆ ಸುಳ್ಳು ಟ್ರಿಪ್ ಬರಲೇ ಇಲ್ಲ. ಬಂದ ಟ್ರಿಪ್ ನಿಜದ್ದೇ ಆಗಿತ್ತು, ಜಾಲರಿ ಮತ್ತೆ ಕಟ್ಟಿತ್ತು. ಒರೆಸಿ, ತಣ್ಣಗಾಗಲು ಬಿಟ್ಟು, ಚಾಲೂ ಮಾಡಿದೆವು. ಮೋಟಾರು ಉಳಿಯಿತು.

ಮೆಗ್ಗರ್ (ಹೆಚ್ಚು ವೋಲ್ಟೇಜು ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯುವವರಿಗೂ ಒಂದು ಎಚ್ಚರಿಕೆ. ಥರ್ಮಿಸ್ಟರಿನ ಎರಡು ತುದಿಗಳ ನಡುವೆ 500 ವೋಲ್ಟ್ ಕೊಟ್ಟರೆ ಅದು ಅಲ್ಲಿಗೇ ಮುಗಿಯಿತು. ಅಳೆಯುವಾಗ 2.5 ವೋಲ್ಟ್ ಮೀರಬಾರದು. ಇನ್ಸುಲೇಶನ್ ನೋಡಬೇಕಿದ್ದರೆ ರಿಲೇಯಿಂದ ಬಿಡಿಸಿ, ಎರಡೂ ತುದಿ ಸೇರಿಸಿ ಕಟ್ಟಿ, ಆಮೇಲೆ ಅರ್ತಿಗೆ ನೋಡಿ.

ಹಾಗೆಂದು ಥರ್ಮಿಸ್ಟರ್ ಒಂದೇ ಸಾಕು ಎನ್ನಲಾರೆ. ರೋಟರ್ ಜಾಮ್ ಆದಾಗ ಸೆನ್ಸರಿಗೆ ಬಿಸಿ ಮುಟ್ಟುವಷ್ಟರಲ್ಲಿ ತಡವಾಗಬಹುದು. ದೊಡ್ಡ ಮೋಟಾರುಗಳಲ್ಲಿ ರೋಟರೇ ಮೊದಲು ಕೆಡುತ್ತದೆ, ಸೆನ್ಸರ್ ಇರುವುದು ತಿರುಗದ ಭಾಗವಾದ ಸ್ಟೇಟರಿನಲ್ಲಿ. ಶಾರ್ಟ್ ಸರ್ಕ್ಯೂಟಂತೂ ಅದರ ಕೆಲಸವೇ ಅಲ್ಲ. ಓಡುತ್ತಿರುವ ಹಳೆಯ ಮೋಟಾರಿಗೆ ಬಿಚ್ಚದೆ ತುರುಕಲೂ ಆಗದು, ರಿವೈಂಡಿಂಗಿಗೆ ಹೋದಾಗ ಹಾಕಿಸಬೇಕು.

ನನ್ನ ಕೈಲಿರುವ ಬಜೆಟ್ಟಿನಲ್ಲಿ ಎಲ್ಲದಕ್ಕೂ ಎಲೆಕ್ಟ್ರಾನಿಕ್ ಹಾಕಿಸಲಾಗುವುದಿಲ್ಲ. ನೇರ ಲೈನಿನಲ್ಲಿ ಒಂದೇ ವೇಗಕ್ಕೆ ಓಡುವ ಚಿಕ್ಕ ಪಂಪು, ಫ್ಯಾನುಗಳಿಗೆ ಎಂಪಿಸಿಬಿ. ಪದೇ ಪದೇ ಫೇಸ್ ಹೋಗುವ ಲೈನಿನಲ್ಲಿರುವ, ಸುಟ್ಟರೆ ಇಡೀ ಸಾಲು ನಿಲ್ಲುವ ಮೋಟಾರಿಗೆ ಎಲೆಕ್ಟ್ರಾನಿಕ್. ಡ್ರೈವ್ ಮೇಲೆ ನಿಧಾನ ಓಡುವುದು, ದೂಳಿನಲ್ಲಿರುವುದು, ಗಳಿಗೆಗೊಮ್ಮೆ ನಿಂತು ಹೊರಡುವುದು, ಇವಕ್ಕೆಲ್ಲ ಥರ್ಮಿಸ್ಟರ್, ಜೊತೆಗೆ ಡ್ರೈವಿನ ಓವರ್‌ಲೋಡ್ ಅಥವಾ ಒಂದು ಸಾದಾ ಬೈಮೆಟಲ್. ರಿಲೇ ಕೊಳ್ಳುವ ಮೊದಲು ಡ್ರೈವಿನಲ್ಲೇ ಪಿಟಿಸಿ ಇನ್‌ಪುಟ್ ಇದೆಯೇ ನೋಡಿ, ಎಷ್ಟೋ ಡ್ರೈವ್‌ಗಳಲ್ಲಿ ಇರುತ್ತದೆ. ಇರುವ ಮೋಟಾರುಗಳ ಟರ್ಮಿನಲ್ ಬಾಕ್ಸನ್ನೂ ಒಮ್ಮೆ ಬಿಚ್ಚಿ ನೋಡಿ. ಕಾರ್ಖಾನೆಯಿಂದಲೇ ಥರ್ಮಿಸ್ಟರ್ ಹಾಕಿಸಿಕೊಂಡು ಬಂದ ಮೋಟಾರಿನಲ್ಲಿ ಟಿಪಿ1, ಟಿಪಿ2 ಎಂಬ ಎರಡು ತಂತಿ ಯಾವುದಕ್ಕೂ ಜೋಡಿಸದೆ ಮೂಲೆಯಲ್ಲಿ ಮಡಚಿ ಕೂತಿರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.