ಹಳೇ ಆರ್ಡುಯಿನೋ ಊನೋಗೆ ಇಎಸ್‌ಪಿ-01 ವೈಫೈ: ಮಳೆಗಾಲಗಳನ್ನು ಕಂಡ ಮೇಲಿನ ವಿಮರ್ಶೆ

ಶಿರಸಿ ಕಡೆ ಅಬ್ಬಿ ನೀರಿರುವ ಮನೆಯವರಿಗೆ ಈ ಕಷ್ಟ ಗೊತ್ತು. ಬೆಟ್ಟದಿಂದ ಪೈಪಿನಲ್ಲಿ ನೀರು ತಾನಾಗೇ ಬರುತ್ತದೆ, ಕರೆಂಟು ಬೇಡ, ಪಂಪು ಬೇಡ. ಆದರೆ ಮಳೆ ಜೋರಾದರೆ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಅದು ಗೊತ್ತಾಗುವುದು ಟ್ಯಾಂಕ್ ಖಾಲಿಯಾದ ಮೇಲೆ, ಯಾರಾದರೂ ಬಚ್ಚಲಿನಿಂದ ಕೂಗಿದಾಗ! ನಮ್ಮ ಟ್ಯಾಂಕ್ ಇರುವುದು ಮನೆ ಹಿಂದಿನ ದರೆಯ ಮೇಲೆ. ಅಲ್ಲಿ ಮೊದಲೇ ಒಂದು ಊನೋ ಬೋರ್ಡು (ನಾವೇ ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್), ನೀರಿನ ಮಟ್ಟ ನೋಡುವ ಅಲ್ಟ್ರಾಸಾನಿಕ್ ಸೆನ್ಸರ್ ಮತ್ತು ಬಜರ್ ಇದ್ದವು. ಆಷಾಢದ ಮಳೆ ಸದ್ದಿನಲ್ಲಿ ಬಜರ್ ಯಾರಿಗೆ ಕೇಳಬೇಕು? ಸುದ್ದಿ ಮೊಬೈಲಿಗೇ ಬರಲಿ ಅಂತ ಇಎಸ್‌ಪಿ-01 ಸೇರಿಸಿದೆ.

ಇದು ಎಂಟು ಪಿನ್ನಿನ ಪುಟ್ಟ ವೈಫೈ ಮಾಡ್ಯೂಲ್. ಒಳಗಿರುವುದು ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್. 2014ರಲ್ಲಿ ಹವ್ಯಾಸಿಗಳ ಕೈಗೆ ಬಂತು, ವೈಫೈ ಅಗ್ಗವಾಯಿತು. ತಮಾಷೆ ಅಂದರೆ ಊನೋದ ಚಿಪ್ 16 ಮೆಗಾಹರ್ಟ್ಸ್, 2 ಕೆಬಿ ರ‍್ಯಾಮ್. ಇದು 80 ಮೆಗಾಹರ್ಟ್ಸ್, 32 ಬಿಟ್. ಯಜಮಾನನಿಗಿಂತ ಆಳೇ ಗಟ್ಟಿ.

ಇದರ ಬಗ್ಗೆ ಬೈಯುವವರಲ್ಲಿ ಜಾಸ್ತಿ ಜನರ ತೊಂದರೆ ಕರೆಂಟಿನದ್ದು. ಊನೋದ 3.3 ವೋಲ್ಟ್ ಪಿನ್ ಕೊಡುವುದು 50 ಮಿಲಿಆಂಪ್ ಮಾತ್ರ. ಈ ಚಿಪ್ ಸಿಗ್ನಲ್ ಕಳಿಸುವಾಗ 170ರ ಆಸುಪಾಸು ಎಳೆಯುತ್ತದೆ, ಕ್ಷಣಮಾತ್ರಕ್ಕೆ ಅದಕ್ಕಿಂತಲೂ ಹೆಚ್ಚು. ದೀಪ ಹತ್ತುತ್ತದೆ, ವೈಫೈಗೆ ಸೇರುವ ಹೊತ್ತಿಗೆ ಸರಿಯಾಗಿ ರೀಸೆಟ್ ಆಗುತ್ತದೆ. ಮಾಡ್ಯೂಲೇ ಹಾಳು ಅಂತ ಎಸೆಯುವುದು ಇಲ್ಲೇ. ನಾನು 5 ವೋಲ್ಟ್ ಮೊಬೈಲ್ ಚಾರ್ಜರಿನಿಂದ ವೋಲ್ಟೇಜ್ ಇಳಿಸುವ ಎಎಂಎಸ್1117 ರೆಗ್ಯುಲೇಟರ್ ಮೂಲಕ ಬೇರೆಯೇ 3.3 ವೋಲ್ಟ್ ಕೊಟ್ಟೆ. ಕ್ಷಣದ ಎಳೆತಕ್ಕೆ ಆಸರೆಯಾಗಲಿ ಅಂತ ಮಾಡ್ಯೂಲಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟೆ. ಎರಡೂ ಬೋರ್ಡಿನ ಗ್ರೌಂಡ್ (ನೆಗೆಟಿವ್ ತಂತಿ) ಒಂದೇ ಇರಬೇಕು. ಎನೇಬಲ್ ಪಿನ್ನಿಗೂ 3.3 ವೋಲ್ಟ್ ಕೊಡಬೇಕು, ಇಲ್ಲದಿದ್ದರೆ ಅದು ಏಳುವುದೇ ಇಲ್ಲ.

ಊನೋ ಮಾತಾಡುವುದು 5 ವೋಲ್ಟಿನಲ್ಲಿ, ಇದು ಕೇಳಿಸಿಕೊಳ್ಳಬೇಕಾದದ್ದು 3.3ರಲ್ಲಿ. ನಡುವೆ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಜೋಡಿ ಸಾಕು. "ನೇರ ಕೊಟ್ಟರೂ ನಡೆಯುತ್ತದೆ" ಅನ್ನುವವರಿದ್ದಾರೆ. ನಡೆಯುತ್ತದೆ, ಎಷ್ಟು ದಿನ ಅಂತ ಕೇಳಬೇಡಿ. ಇನ್ನು ಇವೆರಡೂ ಮಾತಾಡುವ ವೇಗ. ಸಾಮಾನ್ಯವಾಗಿ ಇದು ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಬರುತ್ತದೆ. ಬರೇ ಕೋಡಿನಿಂದ ಮಾತು ನಡೆಸುವ ಊನೋದ ಸಾಫ್ಟ್‌ವೇರ್ ಸೀರಿಯಲ್‌ಗೆ ಅದು ಹೆಚ್ಚಾಯಿತು, ಅಕ್ಷರಗಳು ಉದುರುತ್ತವೆ. ಎಟಿ ಕಮಾಂಡ್ (ಮಾಡ್ಯೂಲಿಗೆ ಅಕ್ಷರಗಳಲ್ಲಿ ಕಳಿಸುವ ಆದೇಶ) ಕೊಟ್ಟು 9600ಕ್ಕೆ ಇಳಿಸಿದ ಮೇಲೆ ಆ ಕಿರಿಕಿರಿ ಹೋಯಿತು.

ಬಾಳಿಕೆ ಹೇಗೆ? ಚಿಪ್ ಇವತ್ತಿಗೂ ಅದೇ ಇದೆ. ಸೋತದ್ದು ಜಂಪರ್ ವೈರುಗಳು. ನಮ್ಮ ತೇವಕ್ಕೆ ಅವುಗಳ ಲೋಹ ಹಸಿರುಗಟ್ಟಿ ಸಂಪರ್ಕ ಸಡಿಲವಾಗುತ್ತದೆ. ಎಲ್ಲವನ್ನೂ ಸೋಲ್ಡರ್ ಮಾಡಿ ಮುಚ್ಚಳವಿರುವ ಡಬ್ಬಿಗೆ ಹಾಕಿದೆ, ವೈರು ಹೋಗುವ ತೂತಿಗೆ ಮೇಣ ಮೆತ್ತಿದೆ. ಇರುವೆಗೂ ಅದೇ ಉಪಾಯ. ಕರೆಂಟು ಹೋಗಿ ಬಂದಾಗ ರೌಟರ್ ಏಳುವ ಮೊದಲೇ ಊನೋ ಎದ್ದು ಕೂರುತ್ತದೆ. ಹಾಗಾಗಿ ವೈಫೈ ಸಿಗುವವರೆಗೆ ಮತ್ತೆ ಮತ್ತೆ ಪ್ರಯತ್ನಿಸುವಂತೆ ಕೋಡ್ ಬರೆಯಲೇಬೇಕು. ಆಗೊಮ್ಮೆ ಈಗೊಮ್ಮೆ ಮಾಡ್ಯೂಲ್ ಸುಮ್ನೆ ನಿಂತುಬಿಡುತ್ತದೆ. ಅದರ ರೀಸೆಟ್ ಪಿನ್ನನ್ನು ಊನೋಗೆ ಜೋಡಿಸಿ. ಬೇಕಾದಾಗ ಮಾತ್ರ ಲೋ (0 ವೋಲ್ಟ್) ಮಾಡಿ, ಉಳಿದ ಹೊತ್ತು ಊನೋದ ಆ ಪಿನ್ನನ್ನು ಇನ್‌ಪುಟ್ ಆಗಿ ಬಿಡಿ, 5 ವೋಲ್ಟ್ ತಾಗಿಸಬೇಡಿ.

ಇದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ. ದಪ್ಪ ಚಿರೆಕಲ್ಲಿನ ಗೋಡೆ ದಾಟುವಾಗಲೇ ಸಿಗ್ನಲ್ ಸಣ್ಣಗಾಗುತ್ತದೆ, ಒದ್ದೆ ಗಿಡಗಂಟಿ ಇನ್ನಷ್ಟು ನುಂಗುತ್ತದೆ. ರೌಟರನ್ನು ಜಗಲಿಯಿಂದ ಹಿಂದಿನ ಕಿಟಕಿಗೆ ತಂದ ಮೇಲೆ ಸರಿಹೋಯಿತು. ಸುದ್ದಿ ಹೋಗುವುದು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಮೂಲಕ, ಮನೆಯಲ್ಲೇ ಇರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ. ಮಳೆಗೆ ಇಂಟರ್‌ನೆಟ್ ಸತ್ತರೂ ಮನೆಯೊಳಗಿನ ಮೊಬೈಲಿಗೆ ಬರುತ್ತದೆ. ನಮಗೆ ಬೇಕಾದದ್ದೂ ಅಷ್ಟೇ ಅಲ್ವಾ?

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಕೆಲಸ ಮಾಡುತ್ತಿರುವ ಊನೋ ಈಗಾಗಲೇ ಇದ್ದರೆ ಇದನ್ನು ಸೇರಿಸಿ. ರೆಗ್ಯುಲೇಟರ್ ಇರುವ ಅಡಾಪ್ಟರ್ ಬೋರ್ಡು ಜೊತೆಗೇ ಸಿಗುತ್ತದೆ, ಅದನ್ನೇ ತಗೊಳ್ಳಿ. ಹೊಸದಾಗಿ ಶುರುಮಾಡುವವರು ಈ ಗೋಜಿಗೆ ಹೋಗಬೇಡಿ. ನೋಡ್‌ಎಂಸಿಯು ಅಥವಾ ಇಎಸ್‌ಪಿ32 ಒಂದೇ ಸಾಕು, ಅವುಗಳಲ್ಲಿ ವೈಫೈ ಒಳಗೇ ಇರುತ್ತದೆ. ಊನೋ ರೂಪವೇ ಬೇಕೆಂದರೆ 2023ರಲ್ಲಿ ಬಂದ ಊನೋ ಆರ್4 ವೈಫೈ ಇದೆ, ಬೆಲೆ ಮಾತ್ರ ಜಾಸ್ತಿ.

ಪಕ್ಕದ ಮನೆ ಭಾವ ತೋಟದ ಪಂಪನ್ನೂ ಇದರಿಂದಲೇ ಆನ್ ಆಫ್ ಮಾಡಬಹುದಾ ಅಂತ ಕೇಳಿದ. ಬೇಡ ಅಂದೆ. ಟ್ಯಾಂಕಿನ ಸುದ್ದಿ ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಆಫ್ ಆಗಬೇಕಾದ ಪಂಪು ಬಾವಿ ಒಣಗಿದರೂ ಓಡುತ್ತಿದ್ದರೆ ಮೋಟಾರು ಸುಟ್ಟೇ ಹೋಗುತ್ತದೆ.