ದುಂಡು ಜುಕಿನಿ: ರೋಂಡ್ ದ ನೀಸ್ ಒಳ್ಳೆಯದೋ, ಏಯ್ಟ್ ಬಾಲ್ ಒಳ್ಳೆಯದೋ?

ಉದ್ದ ಜುಕಿನಿ (ಎಳೆಯದಿರುವಾಗಲೇ ಕಿತ್ತು ತಿನ್ನುವ ಕುಂಬಳ ಜಾತಿಯ ಕಾಯಿ) ಬೆಳೆದು ಬೆಳೆದು ಬೇಜಾರಾಗಿತ್ತು. ಕಳೆದ ಸಲ ದುಂಡು ಜುಕಿನಿಗೆ ಕೈ ಹಾಕಿದೆ. ಒಂದೇ ಪಾತಿಯಲ್ಲಿ ರೋಂಡ್ ದ ನೀಸ್ ಎರಡು ಗಿಡ, ಏಯ್ಟ್ ಬಾಲ್ ಎರಡು ಗಿಡ. ಹೋಲಿಸಿ ನೋಡಲು ಇರಲಿ ಅಂತ ಉದ್ದನೆಯ ಬ್ಲ್ಯಾಕ್ ಬ್ಯೂಟಿ ಒಂದು.

ರೋಂಡ್ ದ ನೀಸ್ ಫ್ರಾನ್ಸಿನ ನೀಸ್ ಊರಿನ ಹೆಸರು ಹೊತ್ತ ಹಳೆಯ ತಳಿ. ತಿಳಿ ಹಸಿರು ಬಣ್ಣ, ಮೈಮೇಲೆ ಸಣ್ಣ ಚುಕ್ಕೆ. ಏಯ್ಟ್ ಬಾಲ್ ಹೈಬ್ರಿಡ್, 1999ರಲ್ಲಿ ಆಲ್-ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ (ಒಳ್ಳೆಯ ಹೊಸ ತಳಿಗಳಿಗೆ ಅಮೆರಿಕದಲ್ಲಿ ಕೊಡುವುದು) ಗೆದ್ದದ್ದು. ಕಡು ಹಸಿರು, ಫಳಫಳ ಹೊಳೆಯುತ್ತದೆ. ಬ್ಲ್ಯಾಕ್ ಬ್ಯೂಟಿಗೂ 1957ರಲ್ಲೇ ಅದೇ ಪ್ರಶಸ್ತಿ ಸಿಕ್ಕಿತ್ತು. ಹಾಗಾಗಿ ಪ್ರಶಸ್ತಿ ನೋಡಿ ಆಯ್ಕೆ ಮಾಡುವಂತಿಲ್ಲ, ಅಲ್ವಾ?

ಗಿಡದ ಹಂತದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬೀಜ ಎರಡು ಸೆಂ.ಮೀ. ಆಳಕ್ಕೆ ಊರಿದೆ, ಮಣ್ಣು ಬೆಚ್ಚಗಿದ್ದ ಕಾರಣ ವಾರದೊಳಗೆ ಎಲ್ಲವೂ ಮೊಳೆತವು. ತಪ್ಪು ಮಾಡಿದ್ದು ಅಂತರದಲ್ಲಿ. ಜಾಗ ಉಳಿಸೋಣ ಅಂತ ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಬಿಟ್ಟೆ. ಏಯ್ಟ್ ಬಾಲ್ ಹೇಗೋ ಸುಧಾರಿಸಿಕೊಂಡಿತು. ರೋಂಡ್ ದ ನೀಸ್ ಪಕ್ಕದ ಗಿಡದ ಮೇಲೆಲ್ಲ ಎಲೆ ಚಾಚಿತು. ಗಾಳಿ ಆಡದೆ ಬೂದಿ ರೋಗ ಮೊದಲು ಬಂದದ್ದೂ ಅದಕ್ಕೇ.

ಮೊದಲ ಹೂಗಳು ಉದುರಿದರೆ ಗಾಬರಿ ಬೇಡ, ಅವು ಗಂಡು ಹೂಗಳು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ದುಂಡು ತಳಿಯಲ್ಲಿ ಅದು ಗೋಲಿಯಂತೆ ಕಾಣುತ್ತದೆ, ನೋಡುವುದಕ್ಕೇ ಚಂದ. ಜೇನ್ನೊಣ ಸರಿಯಾಗಿ ಬರದಿದ್ದಾಗ ಬ್ಲ್ಯಾಕ್ ಬ್ಯೂಟಿ ತುದಿ ಸೊರಗಿದ ಕಾಯಿಯನ್ನಾದರೂ ಕೊಟ್ಟಿತು, ಅರ್ಧ ಕತ್ತರಿಸಿ ಬಳಸಬಹುದಿತ್ತು. ದುಂಡು ಮಿಡಿಗಳು ಹಳದಿಯಾಗಿ ಪೂರ್ತಿ ಉದುರಿದವು. ಆಮೇಲೆ ಬೆಳಗ್ಗೆ ಬೆಳಗ್ಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಪರಾಗ ಸವರತೊಡಗಿದೆ. ಉದುರುವುದು ನಿಂತಿತು. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ, ತಡ ಮಾಡಬಾರದು.

ಕೊಯ್ಲಿನಲ್ಲಿ ರೋಂಡ್ ದ ನೀಸ್ ನನಗೆ ಇಷ್ಟವಾಯಿತು. ಬಣ್ಣ ತಿಳಿ ಇರುವುದರಿಂದ ಎಲೆ ಮರೆಯಲ್ಲೂ ಎದ್ದು ಕಾಣುತ್ತದೆ. ಟೆನಿಸ್ ಚೆಂಡಿನಷ್ಟಾದಾಗ ಕಿತ್ತರೆ ಸಾಕು. ಏಯ್ಟ್ ಬಾಲ್ ನೆರಳಲ್ಲಿ ಅಡಗಿ ಕೂರುತ್ತದೆ. ಎರಡು ದಿನ ನೋಡದೆ ಬಿಟ್ಟರೆ ಸಣ್ಣ ಕುಂಬಳಕಾಯಿಯೇ ಸರಿ. ಹೊಳಪು ಮಾಸಿದೆ ಅಂದರೆ ಬಲಿತಿದೆ ಅಂತ ಲೆಕ್ಕ. ಆದರೆ ರೋಂಡ್ ದ ನೀಸ್ ಸಿಪ್ಪೆ ಎಷ್ಟು ತೆಳು ಅಂದರೆ ಉಗುರು ತಾಗಿದರೂ ಗಾಯ. ಫ್ರಿಜ್ಜಿನಲ್ಲಿ ನಾಲ್ಕನೇ ದಿನಕ್ಕೆ ಸುಕ್ಕಾಯಿತು. ಏಯ್ಟ್ ಬಾಲ್ ವಾರವಿಡೀ ಗಟ್ಟಿಯಾಗಿತ್ತು.

ಇನ್ನು ಅಡುಗೆ. ದುಂಡು ಜುಕಿನಿ ಅಂದ ಮೇಲೆ ಒಳಗೆ ಹೂರಣ ತುಂಬದೆ ಇರಲಾಗುತ್ತದೆಯೇ? ತೊಟ್ಟಿನ ಕಡೆ ಮುಚ್ಚಳದಂತೆ ಕತ್ತರಿಸಿ. ಸುತ್ತ ಒಂದು ಸೆಂ.ಮೀ. ದಪ್ಪ ಬಿಟ್ಟು ತಿರುಳನ್ನು ಚಮಚದಿಂದ ತೆಗೆಯಿರಿ. ಬುಡ ಚೂರು ಸವರಿದರೆ ಉರುಳದೆ ಕೂರುತ್ತದೆ, ಜಾಸ್ತಿ ಸವರಿದರೆ ತೂತು. ಒಳಗೆ ಉಪ್ಪು ಹಚ್ಚಿ ಕಾಲು ಗಂಟೆ ಬೋರಲು ಹಾಕಿ, ನೀರು ಇಳಿಯಲಿ. ಜುಕಿನಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಈ ಕೆಲಸ ಬಿಟ್ಟರೆ ಹೂರಣ ಗಂಜಿಯಾಗುತ್ತದೆ. ತೆಗೆದ ತಿರುಳನ್ನು ಈರುಳ್ಳಿ, ಬೆಳ್ಳುಳ್ಳಿ ಜೊತೆ ನೀರು ಆರುವವರೆಗೆ ಹುರಿದು, ಅನ್ನ, ಚೀಸ್ ಸೇರಿಸಿ ತುಂಬಿ. ಮೊದಲ ಸಲ ಹಸಿ ಅಕ್ಕಿ ಹಾಕಿ ಪಜೀತಿ ಪಟ್ಟೆ. ಕಾಯಿ ಕುಸಿದು ಬಿತ್ತು, ಅಕ್ಕಿ ಮಾತ್ರ ಕಟಕಟ.

180 ಡಿಗ್ರಿ ಓವನ್ನಿನಲ್ಲಿ ಏಯ್ಟ್ ಬಾಲ್ 40 ನಿಮಿಷ ಬೆಂದರೂ ಆಕಾರ ಬಿಡಲಿಲ್ಲ. ರೋಂಡ್ ದ ನೀಸ್ ಅರ್ಧ ಗಂಟೆಗೇ ಮೆತ್ತಗಾಯಿತು, ಇನ್ನಷ್ಟು ಬಿಟ್ಟಾಗ ಒಂದು ಕಡೆ ವಾಲಿತು. ನೋಟಕ್ಕೆ ಏಯ್ಟ್ ಬಾಲ್ ಗೆದ್ದಿತು ಅನ್ನಿ. ಬಾಯಿಗಿಟ್ಟರೆ ಮಾತೇ ಬೇರೆ. ರೋಂಡ್ ದ ನೀಸ್ ಬೆಣ್ಣೆಯಂತೆ ಕರಗಿತು, ಚೂರು ಸಿಹಿ, ಸಿಪ್ಪೆ ಇದೆ ಅಂತಲೇ ಗೊತ್ತಾಗಲಿಲ್ಲ. ನನ್ನ ಓಟು ಅದಕ್ಕೇ. ಬಿಲ್ಲೆ ಕತ್ತರಿಸಿ ಬಾಣಲೆಯಲ್ಲಿ ಹುರಿಯಲು ಮಾತ್ರ ಬ್ಲ್ಯಾಕ್ ಬ್ಯೂಟಿಯೇ ವಾಸಿ. ಬಿಲ್ಲೆಗಳೆಲ್ಲ ಒಂದೇ ಅಳತೆ, ಒಟ್ಟಿಗೆ ಬೇಯುತ್ತವೆ.

ಈ ಸಲ ರೋಂಡ್ ದ ನೀಸ್ ಎರಡು, ಏಯ್ಟ್ ಬಾಲ್ ಒಂದು, ನಡುವೆ 90 ಸೆಂ.ಮೀ. ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಕಾಯಿ ಬರುವುದಿಲ್ಲ. ರೋಂಡ್ ದ ನೀಸ್ ಬೀಜ ಇಟ್ಟುಕೊಳ್ಳಬಹುದು, ಬೇರೆ ಜುಕಿನಿಯ ಪರಾಗ ಬೆರೆಯಬಾರದು ಅಷ್ಟೆ. ಅಲಂಕಾರಕ್ಕೆಂದು ಬೆಳೆಸುವ ಕುಂಬಳ ಜಾತಿಯ ಕಾಯಿಯ ಜೊತೆ ಬೆರೆತರೆ ಮುಂದಿನ ಬೆಳೆಯ ಕಾಯಿ ಕಹಿಯಾಗಬಹುದು. ಆ ಕಹಿ ಬೇಯಿಸಿದರೂ ಹೋಗದು, ಹೊಟ್ಟೆ ಕೆಡಿಸುತ್ತದೆ, ಉಗಿದು ಎಸೆಯಬೇಕು. ಅದಕ್ಕೇ ಒಂದು ಹೆಣ್ಣು ಮೊಗ್ಗಿಗೂ ಒಂದೆರಡು ಗಂಡು ಮೊಗ್ಗಿಗೂ ಹಿಂದಿನ ಸಂಜೆಯೇ ದಾರ ಕಟ್ಟಿ, ಬೆಳಗ್ಗೆ ನಾನೇ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟುತ್ತೇನೆ. ಬೀಜಕ್ಕೆ ಬಿಟ್ಟ ಕಾಯಿ ಬಲಿಯುತ್ತಾ ಹೋದಂತೆ ಆ ಗಿಡ ಹೊಸ ಕಾಯಿ ಕೊಡುವುದು ಕಡಿಮೆಯಾಗುತ್ತದೆ. ಎರಡನೇ ಗಿಡ ಇರುವುದು ಅಡುಗೆಮನೆಗೆ.